ಹಾರ್ನು ಬದಲಿಸಿದ ಮ್ಯಾಲ

ಬಾಕ್ಸರ್ ಗಾಡಿ ನಂದು. ಹಿಂದ ಎರಡು ಚೀಲ ಬಳ್ಳೊಳ್ಳಿ,
ಮುಂದ ಹ್ಯಾಂಡಲ್ಲಿಗೆ ಕಟ್ಟಿದ ತಗಡಿನ ಹಾರ್ನು.
ಅದರೊಳಗ ನನ್ನ ದನಿ ಮೂರು ವರ್ಷದಿಂದ
ನೆಗಡಿ ಹಿಡದು ಮಲಗಿತ್ತು.
ನಾ "ಬಳ್ಳೊಳ್ಳಿ" ಅಂದ್ರ ಮಂದಿಗೆ "ಹಳೇ ಹಳೇ" ಕೇಳತಿತ್ತು.
ಹುಯಿಲಗೋಳದಾಗ ಒಬ್ಬಾಕಿ
ಒಡಕ ಬಕೀಟು ಹಿಡಕೊಂಡು ಬಂದು ನಿಂತಿದ್ಲು,
"ತೂಕ ಮಾಡಪಾ" ಅಂತ.

ಕೈಯಾಗ ಇದ್ದದ್ದು ಹದಿನಾಲ್ಕುನೂರು.
ಅದರಾಗ ಮುನ್ನೂರು ಪೆಟ್ರೋಲಿಂದು, ಮುಟ್ಟಂಗಿಲ್ಲ.

ಟಾಂಗಾಕೂಟದ ಹಿಂದ ದಾವಲಸಾಬ ಕಿಲ್ಲೇದಾರನ ಅಂಗಡಿ,
ಒಳಗ ಕಾಲಿಡಾಕ ಜಾಗಿಲ್ಲ, ಬರೇ ವೈರು.
ಮದಿವಿ ಪೆಂಡಾಲಿನಿಂದ ರಿಟೈರ್ ಆದ ಸ್ಪೀಕರುಗಳು
ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ವು, ಪೆನ್ಶನ್ ದಿನದ ಮುದುಕರಂಗ.
ಒಂದನ್ನ ತಟ್ಟಿದ, ಕಿವಿ ಹಚ್ಚಿದ, ಕಲ್ಲಂಗಡಿ ಆರಿಸಿದಂಗ.
"ಕಾಗದ ಸ್ವಲ್ಪ ಹರದೈತಿ, ಅಂಟು ಹಚ್ಚಿ ಕೊಡ್ತೀನಿ."
ಆಂಪ್ಲಿಫೈಯರ್ ಯಾವದೋ ಪಲ್ಟಿ ಹೊಡದ ಕಾರಿಂದು,
ಒಂದು ಮೂಲಿ ಸುಟ್ಟು ಕಪ್ಪಾಗಿತ್ತು.
"ಅದು ಬರೇ ಬಣ್ಣ" ಅಂದ.
ನಾ ಕೇಳಿದೆ: ವ್ಯಾಟ್ ಎಷ್ಟು?
ಅಂವ ಕೇಳಿದ: ರೊಕ್ಕ ಎಷ್ಟು?
ಅಲ್ಲಿಗೆ ನಮ್ಮ ಲೆಕ್ಕ ಮುಗೀತು.

ಪೆಟ್ಟಿಗಿ ಮಾಡಸಾಕ ಬಡಿಗ್ಯಾಗ ಕೊಡೂದೆಲ್ಲಿಂದ?
ಎಣ್ಣಿ ಕ್ಯಾನಿನ ಹೊಟ್ಟಿ ಕೊರದೆ.
ಒಳಗ ನೀಲವ್ವನ ಹೊಲಿಗಿ ತುಂಡು ತುಂಬಿದೆ:
ರವಿಕಿ ಅಸ್ತರ, ಯಾರದೋ ಸಾಲಿ ಲಂಗದ ನೀಲಿ ಅಂಚು,
ಫಾಲ್ ಹಚ್ಚಿ ಉಳಿದ ಪಟ್ಟಿ.
"ಗಾದಿ ತುಂಬಿದಂಗ ತುಂಬಬ್ಯಾಡ್ರಿ, ಸಡ್ಲ ಇರ್ಲಿ" ಅಂದ್ಲಾಕಿ
ಸೂಜಿಯಿಂದ ಕಣ್ಣು ತಗೀದ.
ಹೌದು, ಸಡ್ಲ ಮಾಡಿದ ಮ್ಯಾಲ
ಗುಂಯ್ ಅನ್ನೂದು ನಿಂತು ಮಾತು ಮಾತಾತು.

ಬ್ಯಾಟರಿದೊಂದ ತಕರಾರು.
ಸಂಜಿಮುಂದ ದನಿ ಏರಿಸಿದ್ರ ಲೈಟು ಇಳೀತಿತ್ತು.
ಬೆಳಕೋ, ಬಳ್ಳೊಳ್ಳಿಯೋ, ಒಂದು ಆರಿಸ್ಕೋ.

ಮೊದಲ ದಿನ, ನರಸಾಪುರ. ಚಾಲೂ ಮಾಡಿದೆ.
"ಬಳ್ಳೊಳ್ಳೀ, ಜವಾರಿ ಬಳ್ಳೊಳ್ಳೀ..."
ನನ್ನ ದನಿ ನನಗ ಗುರ್ತು ಸಿಗಲಿಲ್ಲ,
ಮಾರಿ ತೊಳಕೊಂಡು ಬಂದಿತ್ತು.
ಅದರ ಬೆನ್ನಿಗೆ ಕುಕ್ಕರ್ ಸೀಟಿ.
ಸೀಟಿ ಬೆನ್ನಿಗೆ ಸಣ್ಣದೊಂದು ದನಿ:
"ಅಪ್ಪಾ, ನಾ ಹೇಳ್ಲೇನ?"
ಆಮ್ಯಾಗ ನಾನ, ಹಲ್ಲು ಕಡದು: "ಶ್!"
ಆಮ್ಯಾಗ ಮತ್ತ ಬಳ್ಳೊಳ್ಳಿ.

ಗಾಡಿ ನಿಲ್ಲಿಸಿದೆ. ಮತ್ತ ಹಚ್ಚಿದೆ. ಹೌದು, ಐತಿ.
ಹಳೇ ಹಾರ್ನು ಮೂರು ವರ್ಷ ಇದನ್ನೆಲ್ಲಾ ನುಂಗಿಕೊಂಡಿತ್ತು,
ನಮ್ಮ ಅಡಗಿಮನಿ, ನಾಕು ವರ್ಷದ ಚೆನ್ನಿ, ನನ್ನ ಸಿಟ್ಟು.

ಹಿಟ್ಟಿನ ಗಿರಣಿ, ಸಾಲಿ ಗೇಟು, ಹಾಲಿನ ಡೇರಿ,
ದಿನಕ್ಕ ಎಷ್ಟು ನೂರು ಸಲವೋ
ನಾ ಆಕಿಗೆ ಸುಮ್ಮಿರು ಅಂತನ ಇದ್ದೆ.
ಬಂದ್ ಮಾಡಿದ್ರ ಯಾಪಾರಿಲ್ಲ.
ಕಟ್ಟಿಮ್ಯಾಲಿನ ಮುದುಕಿ ಗಡ್ಡಿ ಹಿಚುಕಿ ನೋಡಕೋತ ಕೇಳಿದ್ಲು:
"ಆ ಕೂಸಿಗೆ ಹೇಳಾಕ ಬಿಟ್ಟಿದ್ರ
ನಿನ್ನ ಗಂಟೇನ ಹೊಕ್ಕಿತ್ತೋ ತಮ್ಮಾ?"
ಅರ್ಧ ಕಿಲೋ ತಗೊಂಡ್ಲು, ಚೌಕಾಶಿ ಮಾಡಲಿಲ್ಲ.
ಮಾಡಿದ್ರ ಚಲೋ ಇತ್ತು.

ರಾತ್ರಿ ಫೋನು ಆಕಿ ಮುಂದ ಹಿಡದೆ.
ಈಗ ಏಳು ವರ್ಷ, ಮುಂದಿನ ಹಲ್ಲು ಎರಡಿಲ್ಲ.
"ಹೇಳವಾ, ಬಳ್ಳೊಳ್ಳಿ ಅನ್ನು."
"ಎಷ್ಟ ಕೊಡ್ತಿ?"
"ಹತ್ತು."
"ಐವತ್ತು."
ದಾವಲಸಾಬಗ ಇನ್ನೂ ನೂರು ಬಾಕಿ,
ಕಿಸೆದಾಗ ಇದ್ದದ್ದು ಇಪ್ಪತ್ತೆರಡು.
ಎಣಿಸಿ ಇಸಕೊಂಡ್ಲು, ಎರಡು ಸಲ.
ಗಂಟಲ ಸರಿ ಮಾಡಿಕೊಂಡ್ಲು.

ಹೆಂಗ ಎಳೀಬೇಕಂತ ತೋರಸಾಕ ಹೋದೆ: "ಬಳ್ಳೊ..."

"ಶ್" ಅಂದ್ಲು, ತುಟಿಮ್ಯಾಲ ಬೆರಳಿಟ್ಟು.

ನಾ ಸುಮ್ಮಾದೆ.
ನೀಲವ್ವ ಮಷೀನು ನಿಲ್ಲಿಸಿದ್ಲು.
ಕುಕ್ಕರ್ ಮಾತ್ರ
ಯಾರ ಮಾತೂ ಕೇಳಲಿಲ್ಲ.